ಎಡಕ್ಕೆ ವಾಲಿದ ಮೈನರ್

ಒಂದೂವರೆ ವರ್ಷ ಮರದ ದಿಮ್ಮಿಗಳ ಮೇಲೆ ಕೂತಿದ್ದ ಕಾರು ತನ್ನ ನಾಲ್ಕೂ ಗಾಲಿಗಳ ಮೇಲೆ ನಿಂತ ದಿನ ಮನೆಮಂದಿಯೆಲ್ಲ ಅಂಗಳಕ್ಕೆ ಬಂದಿದ್ದರು. ಹಸಿರು ಬಣ್ಣಕ್ಕೆ ಬೆಳಗಿನ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಅಮ್ಮ ತುಳಸಿಕಟ್ಟೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಂದು ನಿಮಿಷ ಸುಮ್ಮನೆ ನೋಡಿ, "ಎಲ್ಲಾ ಚೆನ್ನಾಗಿದೆ ಕಣೋ. ಆದ್ರೆ ಇದ್ಯಾಕೆ ಎಡಗಡೆಗೆ ಕುಸಿದಂಗಿದೆ?" ಎಂದರು.

ಟೇಪು ತಂದು ಅಳೆದೆ. ನೆಲದಿಂದ ಮುಂದಿನ ಮಡ್‌ಗಾರ್ಡಿನ ಅಂಚಿನವರೆಗೆ ಬಲಗಡೆಗಿಂತ ಎಡಗಡೆ 32 ಮಿಲಿಮೀಟರು ತಗ್ಗಾಗಿತ್ತು. ಎರಡು ಬೆರಳಿನ ಅಗಲ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಿಸದಾಯಿತು.

ಅದು 1955ರ ಮಾರಿಸ್ ಮೈನರ್. ಸಕಲೇಶಪುರದಲ್ಲಿ ಡಾಕ್ಟರಾಗಿದ್ದ ನನ್ನ ದೊಡ್ಡಪ್ಪ ತೋಟದ ದಾರಿಗಳಲ್ಲಿ, ರಾತ್ರಿ ಹೆರಿಗೆಗೆ ಕರೆ ಬಂದಾಗ, ಮಳೆಯಲ್ಲಿ, ಕೆಸರಿನಲ್ಲಿ ಓಡಿಸಿದ ಕಾರು. ಅವರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ನಿಂತಿತ್ತು. ಲಾರಿಯ ಮೇಲೆ ಹಾಕಿಸಿ ಮೈಸೂರಿಗೆ ತರಿಸಿದಾಗ ಇಂಜಿನ್ನಿನ ಬಗ್ಗೆ ಹೆದರಿಕೆಯಿತ್ತು, ಅದು ಸಲೀಸಾಗಿ ಎದ್ದಿತು. ಬ್ರೇಕು, ವೈರಿಂಗು, ಸೀಟು ಒಂದೊಂದಾಗಿ ಮುಗಿದವು. ಮುಂದಿನ ಸಸ್ಪೆನ್ಷನ್ನಿನ ಬಗ್ಗೆ ಮಾತ್ರ ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿ ಕಣ್ಣಿಗೆ ಕಾಣುವ ಸ್ಪ್ರಿಂಗೇ ಇಲ್ಲವಲ್ಲ.

ಇದೆ, ಆದರೆ ಸ್ಪ್ರಿಂಗಿನ ರೂಪದಲ್ಲಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹೇರಿದ ಮೇಲೆ ಹಗ್ಗ ಬಿಗಿದು, ಅದಕ್ಕೊಂದು ಕೋಲು ಸಿಕ್ಕಿಸಿ ತಿರುವುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕೋಲು ಬಿಟ್ಟರೆ ಹಗ್ಗ ಅದನ್ನು ರಪ್ಪನೆ ವಾಪಸು ತಿರುಗಿಸುತ್ತದೆ. ಹಗ್ಗದ ಬದಲು ಉಕ್ಕಿನ ಸಲಾಕೆ, ಕೋಲಿನ ಬದಲು ಗಾಲಿಯನ್ನು ಹಿಡಿದ ಕೆಳತೋಳು. ಗಾಲಿ ಗುಂಡಿಗೆ ಬಿದ್ದೆದ್ದಾಗ ತೋಳು ಮೇಲೇಳುತ್ತದೆ, ಸಲಾಕೆ ಹುರಿಗೊಳ್ಳುತ್ತದೆ, ಮರುಕ್ಷಣ ಹುರಿ ಬಿಚ್ಚಿಕೊಂಡು ಗಾಲಿಯನ್ನು ನೆಲಕ್ಕೆ ಒತ್ತುತ್ತದೆ. ಇದೇ ಟಾರ್ಷನ್ ಬಾರ್. ನೋಡಲಿಕ್ಕೆ ಕಿಟಕಿಯ ಸರಳಿನಷ್ಟೇ ಸಾಧಾರಣ. ಕಾರಿನ ಇಡೀ ಮುಂಭಾಗ ಇಂಥ ಎರಡು ಸಲಾಕೆಗಳ ಮೇಲೆ ನಿಂತಿದೆ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ.

ನಮ್ಮಲ್ಲಿ ಅದರ ಮೇಲೆ ಕೂತು ಓಡಾಡದವರೇ ಕಡಿಮೆ. ಅಂಬಾಸಡರ್ ಕಾರಿನ ಮುಂದಿನ ಗಾಲಿಗಳೂ ಟಾರ್ಷನ್ ಬಾರಿನ ಮೇಲೆಯೇ ನಿಂತಿದ್ದವು. ಅಂಬಾಸಡರ್ ಎಂದರೆ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್, ಮೈನರಿನ ದಾಯಾದಿ. ಬಿರ್ಲಾ ಅವರ ಹಿಂದುಸ್ಥಾನ್ ಮೋಟರ್ಸ್ ಕಂಪನಿ ಮೈನರನ್ನೂ 'ಬೇಬಿ ಹಿಂದುಸ್ಥಾನ್' ಎಂಬ ಹೆಸರಲ್ಲಿ ಕೆಲಕಾಲ ಮಾರಿತ್ತು. 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಅದುವರೆಗೆ ಟಾರ್ಷನ್ ಬಾರ್ ತಿರುಗಿಸಲು ಗೊತ್ತಿದ್ದ ಮೇಸ್ತ್ರಿಗಳು ಪ್ರತಿ ಊರಿನಲ್ಲೂ ಇದ್ದರು. ಈಗ ಹುಡುಕಬೇಕು.

ಮೈನರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. 1906ರಲ್ಲಿ ಸ್ಮರ್ನಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ಮಿರಿನಲ್ಲಿ, ಹುಟ್ಟಿದವರು. ಮುಂದೆ 1959ರಲ್ಲಿ ಮಿನಿ ಕಾರನ್ನು ಕೊಟ್ಟವರೂ ಅವರೇ. ಟಾರ್ಷನ್ ಬಾರ್ ಅವರ ಸ್ವಂತ ಯೋಚನೆಯಲ್ಲ. ಫರ್ಡಿನಾಂಡ್ ಪೋರ್ಷೆ 1931ರಲ್ಲೇ ಅದಕ್ಕೆ ಪೇಟೆಂಟ್ ಕೋರಿದ್ದರು. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಷನ್ ಅವಾಂತ್ ಕಾರು ಅದನ್ನು ಬಳಸಿ ಬೆರಗು ಹುಟ್ಟಿಸಿತ್ತು. ಇಸಿಗೋನಿಸ್ ಆ ಕಾರನ್ನು ಬಹಳ ಮೆಚ್ಚಿಕೊಂಡಿದ್ದರು. ಎರಡನೆಯ ಮಹಾಯುದ್ಧದ ನಡುವೆ 'ಮಸ್ಕಿಟೊ' ಎಂಬ ಗುಟ್ಟಿನ ಹೆಸರಿನಲ್ಲಿ ಅವರು ಚಿಕ್ಕ ಕಾರೊಂದನ್ನು ಬರೆಯುತ್ತಿದ್ದರು. ಕಾರು ಸಿದ್ಧವಾದ ಮೇಲೆ ಅಗಲ ಸಾಲದು ಅನ್ನಿಸಿ, ಮಾದರಿಯನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು 4 ಇಂಚು ದೂರ ಸರಿಸಿ ನೋಡಿ ಒಪ್ಪಿದರು. ಮೈನರಿನ ಬಾನೆಟ್ಟಿನ ನಡುವೆ ಇವತ್ತಿಗೂ ಕಾಣುವ ಪಟ್ಟಿ ಆ 4 ಇಂಚಿನ ಗುರುತು. 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಜನ ಅದನ್ನು ಮೊದಲ ಸಲ ನೋಡಿದರು. ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಗಡಿ ದಾಟಿದ ಮೊದಲ ಕಾರು ಅದು.

ಮೈನರಿನಲ್ಲಿ ಬಾರು ಕಾರಿನ ಉದ್ದಕ್ಕೆ ಮಲಗಿರುತ್ತದೆ. ಮುಂದಿನ ತುದಿ ಗಾಲಿಯ ಕೆಳತೋಳಿನಲ್ಲಿ ಹಲ್ಲು ಕಚ್ಚಿ ಕೂತಿರುತ್ತದೆ. ಹಿಂದಿನ ತುದಿ ನೆಲಹಾಸಿನ ಅಡಿಯಲ್ಲಿ, ಸೀಟಿನ ಹತ್ತಿರ, ಕಾರಿನ ಅಗಲಕ್ಕೂ ಹಾಯ್ದಿರುವ ಪೊಳ್ಳು ಅಡ್ಡತೊಲೆಗೆ ಒಂದು ಗಿಡ್ಡ ಲಿವರ್ ಮೂಲಕ ಬಿಗಿದಿರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಕ್ರಾಸ್ ಮೆಂಬರ್ ಅನ್ನುತ್ತಾರೆ. ಇಂಥ ಜೋಡಣೆಯಲ್ಲಿ ಜಾಣತನವಿದೆ. ಬೇರೆ ಕಾರುಗಳಲ್ಲಿ ಮುಂದಿನ ಸ್ಪ್ರಿಂಗಿನ ಹೊರೆಯೆಲ್ಲ ಮುಂದಿನ ತಗಡಿನ ಮೇಲೇ ಬೀಳುತ್ತದೆ. ಇಲ್ಲಿ ಹುರಿಯ ಒತ್ತಡ ಬಾಡಿಯ ನಟ್ಟನಡುವೆ, ಗಟ್ಟಿ ಜಾಗದಲ್ಲಿ ಇಳಿಯುತ್ತದೆ. ಮುಂದೆ ಇಂಜಿನ್ನಿಗೂ ವಿಶಾಲ ಜಾಗ ಸಿಗುತ್ತದೆ. ನನ್ನ ಕಾರಿನ ರೋಗದ ಗುಟ್ಟೂ ಇದೇ ಜಾಣತನದಲ್ಲಿ ಅಡಗಿತ್ತು. ಅದು ತಿಳಿಯಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಕಾರು ವಾಲಿದ್ದನ್ನು ನೋಡಿದವರೆಲ್ಲ ಒಂದೇ ಮಾತು ಹೇಳಿದರು: "ಬಾರ್ ಕೂತಿದೆ. ಒಂದು ಹಲ್ಲು ತಿರುಗಿಸಿ." ಸ್ಪ್ರಿಂಗು ಹಳತಾದರೆ ಕೂರುತ್ತದೆ ಎಂಬುದು ಸಹಜ ಎಣಿಕೆ. ಟಾರ್ಷನ್ ಬಾರಿನ ದೊಡ್ಡ ಅನುಕೂಲವೂ ದೊಡ್ಡ ಪ್ರಲೋಭನೆಯೂ ಇದೇ. ಕಾಯಿಲ್ ಸ್ಪ್ರಿಂಗ್ ಕುಸಿದರೆ ಬದಲಿಸಬೇಕು, ಕಮಾನು ಪಟ್ಟಿ ಕುಸಿದರೆ ಬಿಚ್ಚಿ ಬಡಿಸಬೇಕು. ಟಾರ್ಷನ್ ಬಾರಿಗೆ ಹಿಂದಿನ ಲಿವರನ್ನು ಒಂದು ತೂತು ಮುಂದೆ ಸರಿಸಿದರೆ ಕಾರು ಮೇಲೇಳುತ್ತದೆ. ಇಷ್ಟು ಸುಲಭದ ಮದ್ದು ಕೈಯಲ್ಲಿರುವಾಗ ರೋಗ ಯಾವುದೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಬಾಡಿ ಕೆಲಸ ಮಾಡಿಸಿದ್ದ ಕಡೆಯೇ ಬಾರು ತಿರುಗಿಸಿ ಕೊಟ್ಟರು. ಕಾರು ಮಟ್ಟಸವಾಗಿ ನಿಂತಿತು. ಮೂರು ವಾರಕ್ಕೆ ಟೇಪು ಹಿಡಿದರೆ ಎಡಗಡೆ ಮತ್ತೆ 20 ಮಿಲಿಮೀಟರು ತಗ್ಗು.

ಆಮೇಲೆ ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ನಲವತ್ತು ವರ್ಷ ಅಂಬಾಸಡರುಗಳ ಅಡಿಯಲ್ಲಿ ಮಲಗಿದವರು. ಈಗ ಮಗ ಗ್ಯಾರೇಜು ನೋಡಿಕೊಳ್ಳುತ್ತಾನೆ, ಅವರು ಬಾಗಿಲ ಬಳಿ ಕೂತಿರುತ್ತಾರೆ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, "ಬಾರ್‌ನ ಯಾಕೆ ಬೈತೀರ ಸಾರ್? ಅದನ್ನ ಹಿಡ್ಕೊಂಡಿರೋದು ಯಾವ್ದು ಅಂತ ಮೊದ್ಲು ನೋಡೋಣ" ಎಂದರು. ಎಡಕ್ಕೆ ವಾಲಿದ ಕಾರಿನ ಬಗ್ಗೆ ಅಷ್ಟು ದಿನಗಳಲ್ಲಿ ನಾನು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು.

ಅವರು ಮಾಡಿದ ಮೊದಲ ಕೆಲಸ ನೆಲ ಅಳೆದದ್ದು. ಗಾರೆಯವರ ನೀರಿನ ಪೈಪು ತರಿಸಿ ನಾಲ್ಕು ಗಾಲಿ ನಿಲ್ಲುವ ಜಾಗಗಳ ಮಟ್ಟ ನೋಡಿದರು. ಒಂದು ಮೂಲೆ 8 ಮಿಲಿಮೀಟರು ತಗ್ಗಿತ್ತು, ಅಲ್ಲಿಗೆ ತಗಡಿನ ತುಂಡು ಹಾಕಿದರು. ನಾಲ್ಕೂ ಟೈರಿಗೆ ಗಾಳಿ ಒಂದೇ ಅಳತೆಗೆ ತಂದರು. ಡಿಕ್ಕಿಯಲ್ಲಿ ನಾನು ಇಟ್ಟಿದ್ದ ಜಾಕಿ, ಪಾನಾಗಳ ಪೆಟ್ಟಿಗೆ ತೆಗೆಸಿದರು. ಕಾರನ್ನು ಹತ್ತಡಿ ಹಿಂದೆ ಮುಂದೆ ತಳ್ಳಿಸಿ, ಮಡ್‌ಗಾರ್ಡ್ ಅದುಮಿ ಬಿಟ್ಟು, ತಾನಾಗಿ ಕೂರಲು ಬಿಟ್ಟರು. ಜಾಕಿಯಿಂದ ಇಳಿಸಿದ ಕೂಡಲೇ ಅಳೆದರೆ ಟೈರು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಅಳತೆ ಸುಳ್ಳಾಗುತ್ತದೆ. ಇಷ್ಟೆಲ್ಲ ಆದ ಮೇಲೆ ನನ್ನ 20 ಮಿಲಿಮೀಟರಿನಲ್ಲಿ 5 ಹೋಗಿ 15 ಉಳಿಯಿತು.

ಮಡ್‌ಗಾರ್ಡಿನ ಅಂಚನ್ನು ಅವರು ಅಳೆಯಲೇ ಇಲ್ಲ. "ಅದು ತಗಡು ಸಾರ್, ಟಿಂಕರ್ ಎಲ್ಲಿ ಕೂರಿಸ್ತಾನೋ ಅಲ್ಲಿ ಕೂರುತ್ತೆ." ಕೆಳತೋಳಿನ ಒಳತುದಿಯ ಎತ್ತರವನ್ನೂ ಹೊರತುದಿಯ ಎತ್ತರವನ್ನೂ ನೆಲದಿಂದ ಅಳೆದು, ಒಂದರಿಂದ ಇನ್ನೊಂದನ್ನು ಕಳೆದರು. ತೋಳು ಎಷ್ಟು ಓರೆಯಾಗಿದೆ ಎಂಬುದು ಅದರಿಂದ ತಿಳಿಯುತ್ತದೆ. ಸಸ್ಪೆನ್ಷನ್ನಿನ ನಿಜವಾದ ಎತ್ತರ ಅದೇ. ಎರಡೂ ಬದಿಯ ತೋಳು ಒಂದೇ ಓರೆಯಲ್ಲಿದ್ದೂ ಕಾರು ವಾಲಿದ್ದರೆ ತಪ್ಪು ತಗಡಿನದು. ನಮ್ಮಲ್ಲಿ ಎಡತೋಳು ಸ್ಪಷ್ಟವಾಗಿ ಹೆಚ್ಚು ಮೇಲೆದ್ದಿತ್ತು.

ನಂತರದ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ಲಿನ ಸರಿಯಾಗಿ ನಡುಭಾಗಕ್ಕೆ ಟ್ರಾಲಿ ಜಾಕಿ ಇಟ್ಟು ಗಾಲಿಗಳು ನೆಲ ಬಿಡುವಷ್ಟು ಎತ್ತಿದರು. ಈಗ ಹಿಂದುಗಡೆ ಕಾರು ಒಂದೇ ಬಿಂದುವಿನ ಮೇಲೆ ತಕ್ಕಡಿಯ ಹಾಗೆ ನಿಂತಿದೆ; ಎಡಕ್ಕೂ ಬಲಕ್ಕೂ ತಡೆಯುವ ಶಕ್ತಿ ಹಿಂದಿನ ಕಮಾನು ಪಟ್ಟಿಗಳಿಗಿಲ್ಲ. ಈಗಲೂ ಕಾರು ವಾಲಿದ್ದರೆ ರೋಗ ಮುಂದಿದೆ. ವಾಲಿಕೆ ಮಾಯವಾದರೆ ಹಿಂದಿನ ಪಟ್ಟಿಯೊಂದು ಸೋತಿದೆ, ಮುಂದಿನ ಬಾರು ಅದರ ಪಾಪ ಹೊರುತ್ತಿದೆ. ಹಿಂದಿನ ಪಟ್ಟಿ ಸೋತ ಕಾರಿಗೆ ಮುಂದಿನ ಬಾರು ತಿರುಗಿಸಿದರೆ ಕಾರು ನೋಡಲಿಕ್ಕೆ ನೆಟ್ಟಗೆ ನಿಲ್ಲುತ್ತದೆ, ಆದರೆ ಕಾಲು ಗಿಡ್ಡಾದ ಮೇಜಿನಂತೆ ಎರಡು ಎದುರುಬದುರು ಮೂಲೆಗಳ ಮೇಲೆ ಭಾರ ಹೆಚ್ಚಾಗಿ, ಬ್ರೇಕು ಹಾಕಿದಾಗ ಒಂದು ಕಡೆಗೆ ಎಳೆಯುತ್ತದೆ. ನಮ್ಮ ಕಾರು ಜಾಕಿಯ ಮೇಲೂ ಎಡಕ್ಕೇ ವಾಲಿ ನಿಂತಿತು. ಹಿಂದಿನ ಪಟ್ಟಿಗಳು ನಿರಪರಾಧಿಗಳು.

ಶಾಕ್ ಅಬ್ಸರ್ಬರ್ ಬಗ್ಗೆ ಕೇಳಿದೆ. ಎಡಗಡೆಯದು ಎಣ್ಣೆ ಸೋರುತ್ತಿದ್ದುದು ನನಗೆ ಗೊತ್ತಿತ್ತು. ಮೈನರಿನಲ್ಲಿ ಅದರ ತೋಳೇ ಗಾಲಿಯ ಮೇಲ್ತೋಳು ಕೂಡ. "ಅದು ಕುಣಿತ ನಿಲ್ಸುತ್ತೆ ಸಾರ್, ಭಾರ ಹೊರಲ್ಲ" ಎಂದರು. ಎಣ್ಣೆಯಿಲ್ಲದ ಶಾಕ್ ಅಬ್ಸರ್ಬರಿನಿಂದ ಕಾರು ತೂಗಾಡೀತು, ತಗ್ಗಾಗದು.

ಬಾರಿನ ಬಗ್ಗೆ ಇನ್ನೊಂದು ತಪ್ಪು ನಂಬಿಕೆ ಬಹಳ ಜನರಲ್ಲಿದೆ, ನನ್ನಲ್ಲೂ ಇತ್ತು. ಬಾರನ್ನು 'ಟೈಟ್' ಮಾಡಿದರೆ ಸಸ್ಪೆನ್ಷನ್ ಗಡುಸಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ತಿರುಗಿಸಿದರೆ ಬದಲಾಗುವುದು ಕಾರು ನಿಲ್ಲುವ ಎತ್ತರವೊಂದೇ. ಬಾರಿನ ಗಡುಸುತನವನ್ನು ತೀರ್ಮಾನಿಸುವುದು ಅದರ ಉಕ್ಕು, ಉದ್ದ ಮತ್ತು ದಪ್ಪ. ಅದರಲ್ಲೂ ದಪ್ಪದ ಪ್ರಭಾವ ವಿಪರೀತ. ವ್ಯಾಸ ನೂರಕ್ಕೆ 5ರಷ್ಟು ಹೆಚ್ಚಾದರೆ ಗಡುಸು ನೂರಕ್ಕೆ ಸುಮಾರು 22ರಷ್ಟು ಏರುತ್ತದೆ, ಏಕೆಂದರೆ ಅದು ವ್ಯಾಸದ ನಾಲ್ಕನೇ ಘಾತದ ಲೆಕ್ಕದಲ್ಲಿ ಬೆಳೆಯುತ್ತದೆ. ಒದ್ದೆ ಪಂಚೆ ಹಿಂಡುವಾಗ ಹೊರಗಿನ ಮಡಿಕೆಗಳು ಹೆಚ್ಚು ಎಳೆದುಕೊಳ್ಳುವ ಹಾಗೆ, ಹುರಿಯ ಒತ್ತಡವೆಲ್ಲ ಬಾರಿನ ಮೈಮೇಲೆಯೇ ಇರುತ್ತದೆ, ನಡುಭಾಗ ಸುಮ್ಮನಿರುತ್ತದೆ. ಆದ್ದರಿಂದಲೇ ಮೈಮೇಲಿನ ಒಂದು ಗೀರು, ತುಕ್ಕಿನ ಒಂದು ಗುಳಿ ಇಡೀ ಬಾರಿಗೆ ಮೃತ್ಯು. ಬಿರುಕು ಅಲ್ಲಿಂದ ಹೊರಟು ಒಂದು ದಿನ ಬಾರು ಪಟಾರನೆ ಮುರಿಯುತ್ತದೆ. ಬಾರನ್ನು ಪೈಪ್ ರೆಂಚಿನಲ್ಲಿ ಕಚ್ಚಿ ಹಿಡಿಯುವವರನ್ನು, ಗುರುತಿಗಾಗಿ ಅರದಿಂದ ಗೀಚುವವರನ್ನು ಕಂಡರೆ ನನಗೆ ಈಗ ಎದೆ ಝಲ್ಲೆನ್ನುತ್ತದೆ. ಗುರುತು ಬೇಕಿದ್ದರೆ ಬಣ್ಣದ ಚುಕ್ಕೆ ಸಾಕು.

ಎಡ ಬಲದ ಬಾರುಗಳನ್ನು ಅದಲು ಬದಲು ಮಾಡುವುದೂ ಅಷ್ಟೇ ಅಪಾಯ. ಎರಡೂ ನೋಡಲಿಕ್ಕೆ ಒಂದೇ. ಆದರೆ ಒಂದೊಂದೂ ತನ್ನ ಕಡೆಯ ಹುರಿಗೆ ಹೊಂದಿಕೊಂಡು ಪಳಗಿರುತ್ತದೆ. ವರ್ಷಗಟ್ಟಲೆ ಒಂದು ದಿಕ್ಕಿಗೆ ತಿರುಗಿದ್ದನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಬೇಗ ಸೋಲುತ್ತದೆ, ಮುರಿಯಲೂಬಹುದು. ತುದಿಯಲ್ಲಿ ಒತ್ತಿರುವ ಗುರುತನ್ನು ತುಕ್ಕು ತಿಂದಿದ್ದರೆ, ಬಿಚ್ಚುವಾಗಲೇ ಯಾವುದು ಎಲ್ಲಿಯದೆಂದು ಚೀಟಿ ಕಟ್ಟಿಡಬೇಕು.

ಬಾರು ಕೂತಿದೆಯೋ, ಅದನ್ನು ಹಿಡಿದ ಜಾಗ ಸೋತಿದೆಯೋ? ಇದನ್ನು ಬೇರ್ಪಡಿಸಲು ಮೇಸ್ತ್ರಿ ಬಳಸಿದ್ದು ಒಂದು ತುಂಡು ಸೀಮೆಸುಣ್ಣ. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಬಾರಿನ ಹಿಂದಿನ ಲಿವರಿನಿಂದ ಅಡ್ಡತೊಲೆಗೂ, ಅಡ್ಡತೊಲೆಯಿಂದ ಪಕ್ಕದ ನೆಲದ ತಗಡಿಗೂ ಹಾಯುವಂತೆ ಒಂದೇ ನೇರಗೆರೆ ಎಳೆದರು. ಗುಂಡಿಯೊಳಗೆ ಹಳೆಯ ಪೇಪರ್ ಹಾಸಿಸಿದರು. "ನೀವು ಮೇಲೆ ಹೋಗಿ ಮಡ್‌ಗಾರ್ಡ್ ಅದುಮಿ ಸಾರ್" ಎಂದರು. ಹತ್ತು ಸಲ ಅದುಮಿರಬೇಕು. "ಇಳಿದು ಬನ್ನಿ" ಎಂದು ಕರೆದರು. ಮೊಮ್ಮಗನನ್ನು ಅದುಮಲು ಕಳಿಸಿ ನನ್ನನ್ನು ಗುಂಡಿಗಿಳಿಸಿದರು.

ಟಾರ್ಚಿನ ಬೆಳಕಿನಲ್ಲಿ ಆ ಬಿಳಿಗೆರೆಯನ್ನೇ ನೋಡಿದೆ. ಹುಡುಗ ಅದುಮಿದಾಗಲೆಲ್ಲ ಗೆರೆ ಒಂದು ಕಡೆ ತುಂಡಾಗುತ್ತಿತ್ತು. ಲಿವರಿಗೂ ತೊಲೆಗೂ ನಡುವೆ ಅಲ್ಲ, ಅವೆರಡೂ ಒಟ್ಟಿಗೇ ಇದ್ದವು. ತೊಲೆಯ ಎಡತುದಿ, ಲಿವರನ್ನು ಹಿಡಿದುಕೊಂಡೇ, ಸುತ್ತಲಿನ ತಗಡಿನಿಂದ ಕೂದಲೆಳೆಯಷ್ಟು ಹೊರಳಿ ಮತ್ತೆ ಮರಳುತ್ತಿತ್ತು. ಒಣ ಸೌದೆ ಸೀಳುವಂಥ ಸಣ್ಣ ಸದ್ದು. ಪ್ರತಿಸಲವೂ ಪೇಪರಿನ ಮೇಲೆ ಕಂದು ಪುಡಿ ಉದುರುತ್ತಿತ್ತು, ಕಾಫಿಪುಡಿಯಂತೆ.

ಅಲ್ಲಿಗೆ ಎಲ್ಲವೂ ಅರ್ಥವಾಯಿತು. ಬಾರಿಗೆ ಏನೂ ಆಗಿರಲಿಲ್ಲ. ಅದರ ಹಿಂದಿನ ತುದಿಯನ್ನು ಅಲುಗದಂತೆ ಹಿಡಿಯಬೇಕಿದ್ದ ತೊಲೆಯೇ ತುಕ್ಕು ತಿಂದು ಹೊರಳುತ್ತಿತ್ತು. ಹೊರಳಿದಷ್ಟೂ ಹುರಿ ಸಡಿಲ, ಹುರಿ ಸಡಿಲಾದಷ್ಟೂ ಕಾರು ತಗ್ಗು. ನಾವು ಬಾರು ತಿರುಗಿಸಿ ಏರಿಸಿದ್ದೆಲ್ಲ ತೊಲೆ ಮೂರು ವಾರದಲ್ಲಿ ಬಿಟ್ಟುಕೊಟ್ಟಿತ್ತು. ಕಾಯಿಲ್ ಸ್ಪ್ರಿಂಗಿನ ಕಾರಾಗಿದ್ದರೆ ಸೀಟಿನ ಕೆಳಗಿನ ತುಕ್ಕಿಗೂ ಮುಂದಿನ ಗಾಲಿಯ ಎತ್ತರಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಟಾರ್ಷನ್ ಬಾರಿನ ಕಾರಿನಲ್ಲಿ ನೋವು ಕಾಣುವುದು ಒಂದು ಕಡೆ, ಗಾಯ ಇರುವುದು ಇನ್ನೊಂದು ಕಡೆ.

ನೆಲಹಾಸು ಕಿತ್ತು, ಕಪ್ಪು ಅಂಡರ್‌ಕೋಟ್ ಕೆರೆದೆವು. ಅಡಿಯಲ್ಲಿ ತೆಳುತಗಡಿನ ತೇಪೆ ಇತ್ತು, ತೇಪೆಯ ಅಂಚಿಗೆ ಪುಟ್ಟಿ ಮೆತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಒಳಗೆ ಹೋಯಿತು. ಬಾಡಿ ಕೆಲಸ ಮಾಡಿದವರು ಕೊಳೆತ ತೊಲೆಯನ್ನು ಕಂಡಿದ್ದರು, ಮುಚ್ಚಿದ್ದರು, ಮೇಲೆ ಕಪ್ಪು ಬಳಿದಿದ್ದರು. ನನಗೆ ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ದುಡ್ಡು ಕೊಡುತ್ತಿದ್ದೆ. ಆ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬಣ್ಣದಲ್ಲಿ ಕಣ್ಣು ತಪ್ಪಿದರೆ ಅಂದಗೆಡುತ್ತದೆ. ಬಾರಿನ ಹಿಂದಿನ ತುದಿಯಲ್ಲಿ ಕಣ್ಣು ತಪ್ಪಿಸಿದರೆ ಮುಂದಿನ ಗಾಲಿಯ ಆಧಾರವೇ ಹೋಗುತ್ತದೆ.

ಬಿಚ್ಚುವ ಕೆಲಸವನ್ನು ಮೇಸ್ತ್ರಿ ಮಗನೊಬ್ಬನಿಗೇ ಬಿಡಲಿಲ್ಲ, ಪಕ್ಕದಲ್ಲಿ ನಿಂತು ಒಂದೊಂದೇ ಮಾತು ಹೇಳಿ ಮಾಡಿಸಿದರು. ಮುಕ್ಕಾಲು ಟನ್ನಿಗೆ ತುಸು ಹೆಚ್ಚು ತೂಗುವ ಈ ಕಾರಿನ ಮುಂದಿನ ಒಂದೊಂದು ಗಾಲಿಯ ಪಾಲಿಗೆ ಸುಮಾರು 200 ಕೆಜಿ ಬೀಳುತ್ತದೆ. ಆ ಭಾರ ಹೊತ್ತ ಹುರಿ ಬಾರಿನೊಳಗೆ ಸದಾ ಕಾಯುತ್ತಿರುತ್ತದೆ. ಭಾರ ಇಳಿಸದೆ ಲಿವರಿನ ಬೋಲ್ಟು ಬಿಚ್ಚಿದರೆ, ಗಾಡಿಯ ಹಗ್ಗದ ಕೋಲು ಕೈ ಜಾರಿದಾಗ ಆಗುವುದೇ ಆಗುತ್ತದೆ, ಇಲ್ಲಿ ಕೋಲು ಉಕ್ಕಿನದು. ಮೊದಲು ಬಾಡಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಕೆಳತೋಳಿನ ಅಡಿಗೆ ಜಾಕಿ ಕೊಟ್ಟು ಎತ್ತಿ ಹಿಡಿದು, ಗಾಲಿಯನ್ನು ಮೇಲ್ತೋಳಿನಿಂದ ಬಿಡಿಸಿ, ಜಾಕಿಯನ್ನು ನೂಲುನೂಲಾಗಿ ಇಳಿಸಿದರು. ತೋಳು ಕೆಳಗೆ ಜೋತು ನಿಂತಾಗ ಹುರಿಯೆಲ್ಲ ಬಿಚ್ಚಿಕೊಂಡಿತ್ತು. ಲಿವರನ್ನು ಕೈಯಿಂದಲೇ ಅಲುಗಿಸಬಹುದಾದಾಗ ಮಾತ್ರ ಬೋಲ್ಟಿಗೆ ಪಾನಾ ಹಾಕಿದರು.

ಗಾಲಿ ಬಿಡಿಸಿದಾಗಲೇ ಎರಡನೆಯ ರೋಗ ಸಿಕ್ಕಿತು. ಇದು ಕಾರನ್ನು ತಗ್ಗಿಸುವ ರೋಗವಲ್ಲ, ಪ್ರಾಣ ತೆಗೆಯುವ ರೋಗ. ಮೈನರಿನ ಕಿಂಗ್ ಪಿನ್ನಿಗೆ ಮೇಲೂ ಕೆಳಗೂ ಸ್ಕ್ರೂವಿನ ಎಳೆಗಳಿವೆ. ಅವು ಟ್ರನಿಯನ್ ಎಂಬ ಲೋಹದ ತುಂಡುಗಳೊಳಗೆ ತಿರುಗುತ್ತಾ ಗಾಲಿಯನ್ನು ಎಡಬಲಕ್ಕೆ ಹೊರಳಿಸುತ್ತವೆ. ಅಲ್ಲಿ ಗ್ರೀಸ್ ಇರಲೇಬೇಕು. ಗ್ರೀಸ್ ಕಾಣದಿದ್ದರೆ ಎಳೆಗಳು ಸವೆದು ಒಂದು ದಿನ ಪಿನ್ನು ಟ್ರನಿಯನ್ನಿನಿಂದ ಕಳಚಿ, ಗಾಲಿ ಮಡಚಿ ಮಡ್‌ಗಾರ್ಡಿನ ಅಡಿಗೆ ಹೋಗುತ್ತದೆ. ಮೈನರ್ ಇಟ್ಟುಕೊಂಡವರು ಯಾವ ದೇಶದವರಾದರೂ ಹೆದರುವುದು ಇದೊಂದಕ್ಕೆ. ನಮ್ಮ ಎಡಗಡೆಯ ಗ್ರೀಸ್ ನಿಪ್ಪಲ್ಲಿನ ಬಾಯಿಗೆ ಬಣ್ಣ ಕೂತು ಬೆಸೆದುಹೋಗಿತ್ತು. ನಾನು ಪ್ರತಿ ತಿಂಗಳು ಗ್ರೀಸ್ ಗನ್ ಹಿಡಿದದ್ದು, ಸುತ್ತ ಒಸರಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿದ್ದು ಎಲ್ಲ ನಿಜ. ಒಳಗೆ ಹೋದದ್ದು ಮಾತ್ರ ಏನೂ ಇಲ್ಲ. ಪಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಕೆಳಗಿನ ಎಳೆಗಳು ಕುಡುಗೋಲಿನ ಬಾಯಿಯಷ್ಟು ತೆಳ್ಳಗಾಗಿ ಮಿಂಚುತ್ತಿದ್ದವು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಗಾಲಿ ನೆಲ ಬಿಟ್ಟು ಜೋತಾಡುವಂತೆ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟು, ಟೈರಿನ ಅಡಿಗೆ ಹಾರೆ ಕೊಟ್ಟು ಮೆಲ್ಲಗೆ ಮೀಟಿದರೆ, ಪಿನ್ನು ಟ್ರನಿಯನ್ನಿನೊಳಗೆ ಮೇಲೆ ಕೆಳಗೆ ಕುಣಿಯುವುದು ಬೆರಳಿಗೆ ತಿಳಿಯುತ್ತದೆ. ಗ್ರೀಸ್ ಒತ್ತುವಾಗಲೂ ಗಾಲಿ ಹೀಗೇ ಜೋತಾಡುತ್ತಿರಬೇಕು. ಭಾರ ಎಳೆಗಳ ಮೇಲೆ ಕೂತಿದ್ದರೆ ಗ್ರೀಸಿಗೆ ನುಸುಳಲು ಸಂದಿಲ್ಲ. ಹೊಸ ಪಿನ್ನು ತರಿಸುವಾಗ ನೆನಪಿಡಬೇಕಾದದ್ದು, ಒಂದು ಬದಿಯ ಎಳೆ ಬಲಕ್ಕೆ ತಿರುಗಿದರೆ ಇನ್ನೊಂದು ಬದಿಯದು ಎಡಕ್ಕೆ ತಿರುಗುತ್ತದೆ. ನನ್ನದು ಇಂಗ್ಲೆಂಡಿನಿಂದ ಬಂತು. 1990ರ ದಶಕದಲ್ಲಿ ಶ್ರೀಲಂಕಾದಲ್ಲೂ ಮೈನರಿನ ಬಿಡಿಭಾಗಗಳನ್ನು ತಯಾರಿಸಿ ಬ್ರಿಟನ್ನಿಗೆ ಕಳಿಸುತ್ತಿದ್ದರು. ಆ ದ್ವೀಪದಲ್ಲಿ ಮೈನರ್‌ಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಉಳಿದುಕೊಂಡಿದ್ದವು.

ತೊಲೆಯ ಕೊಳೆತ ಭಾಗವನ್ನು ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ, ಮೂಲದಷ್ಟೇ ದಪ್ಪದ ತಗಡಿನಲ್ಲಿ ಹೊಸ ತುದಿ ಮಡಿಸಿ ಬೆಸೆದರು. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡ ಕೊಳವೆ ಬೆಸೆದು ಬಾಡಿ ಬಾಗದಂತೆ ನೋಡಿಕೊಂಡರು. ಚಾಸಿಯಿಲ್ಲದ ಕಾರಿನಲ್ಲಿ ತೊಲೆ ತೆಗೆದರೆ ಬಾಗಿಲು ಮುಚ್ಚದಂತಾಗುತ್ತದೆ. ಬಾರುಗಳನ್ನು ಅಷ್ಟು ಹೊತ್ತಿಗೆ ಹೊರಗೆ ತೆಗೆದು ಗೋಣಿಯಲ್ಲಿ ಸುತ್ತಿಟ್ಟಿದ್ದೆವು. ವೆಲ್ಡಿಂಗಿನ ಒಂದು ಕಿಡಿ ಬಿದ್ದು ಅಂಟಿದರೂ ಆ ಬಾರು ಮುಗಿದಂತೆ. ಬಿರುಕು ತೋರಿಸುವ ಬಣ್ಣದ ದ್ರಾವಣ ಬಳಿದು ಎರಡನ್ನೂ ತುದಿಯಿಂದ ತುದಿಗೆ ನೋಡಿದೆವು. ಎಲ್ಲೂ ಒಂದು ಗೆರೆಯಿಲ್ಲ. ಇಷ್ಟು ವರ್ಷಗಳ ಹಳೆಯ ಉಕ್ಕು. ಎಲ್ಲರೂ ಬೈದದ್ದು ಅದನ್ನೇ.

ಮತ್ತೆ ಕೂರಿಸುವಾಗ ಒಂದು ಲೆಕ್ಕ ನನ್ನನ್ನು ರಾತ್ರಿಯೆಲ್ಲ ಎಚ್ಚರವಿರಿಸಿತು. ಬಾರಿನ ತುದಿಯ ಹಲ್ಲುಗಳಲ್ಲಿ ಒಂದು ಹಲ್ಲು ಸರಿಸಿದರೆ ತೋಳು ಬಹಳ ದೊಡ್ಡ ಕೋನಕ್ಕೆ ಹಾರುತ್ತದೆ. ಹಾಗಾದರೆ ಐದು ಮಿಲಿಮೀಟರು ಮಾತ್ರ ಏರಿಸುವುದು ಹೇಗೆ? ಮೈನರಿನಲ್ಲಿ ಹಿಂದಿನ ಲಿವರಿಗೆ ಒಂದರ ಪಕ್ಕ ಒಂದು ತೂತುಗಳಿರುವುದು ಇದಕ್ಕೆ. 1961ರ ಜಾಗ್ವಾರ್ ಇ-ಟೈಪಿನಲ್ಲಿ ಇನ್ನೂ ಸೊಗಸಾದ ಉಪಾಯವಿದೆ. ಬಾರಿನ ಒಂದು ತುದಿಗೆ 24 ಹಲ್ಲು, ಇನ್ನೊಂದಕ್ಕೆ 25. ಒಂದು ತುದಿಯಲ್ಲಿ ಒಂದು ಹಲ್ಲು ಮುಂದೆ, ಇನ್ನೊಂದರಲ್ಲಿ ಒಂದು ಹಲ್ಲು ಹಿಂದೆ ಸರಿಸಿದರೆ 15 ಡಿಗ್ರಿಯಿಂದ 14.4 ಡಿಗ್ರಿ ಕಳೆದು ಉಳಿಯುವುದು 0.6 ಡಿಗ್ರಿ ಮಾತ್ರ. ಒಂದು ಹಲ್ಲಿನ ವ್ಯತ್ಯಾಸದಿಂದ ಇಷ್ಟು ನಾಜೂಕು ಸಾಧಿಸಿದವರಿಗೆ ನಾನು ಕೈಮುಗಿದೆ.

ರಬ್ಬರ್ ಬುಷ್‌ಗಳೆಲ್ಲ ಹೊಸವು ಬಿದ್ದವು. ಮುಂದಕ್ಕೆ ಹೋಗುವ ಟೈ ಬಾರಿನ ಬುಷ್ ಹಳೆಯದು ಕೈಯಲ್ಲೇ ಪುಡಿಯಾಯಿತು. ಬ್ರೇಕು ಹಾಕಿದಾಗ ಕೇಳುತ್ತಿದ್ದ 'ಟಕ್' ಸದ್ದು ಅದರದು. ಬುಷ್‌ಗಳ ನಟ್ಟುಗಳನ್ನು ಕೈಬಿಗಿಯಷ್ಟೇ ಬಿಗಿದು, ಕಾರನ್ನು ಗಾಲಿಗಳ ಮೇಲೆ ಇಳಿಸಿ, ಕುಣಿಸಿ, ಭಾರ ಕೂತ ಮೇಲೆ ಪೂರ್ತಿ ಬಿಗಿದರು. ತೋಳು ಜೋತಾಡುವಾಗಲೇ ಬಿಗಿದುಬಿಟ್ಟರೆ ಕಾರು ಇಳಿದಾಗ ರಬ್ಬರ್ ಹುರಿಗೊಂಡು ತಾನೂ ಒಂದು ಸ್ಪ್ರಿಂಗಾಗುತ್ತದೆ, ಎತ್ತರವನ್ನು ಸುಳ್ಳಾಗಿ ಏರಿಸಿ ತೋರಿಸುತ್ತದೆ, ನಾಲ್ಕು ತಿಂಗಳಿಗೆ ಹರಿದುಹೋಗುತ್ತದೆ. ಬಾರುಗಳನ್ನು ಬೇಕಾದ ಎತ್ತರಕ್ಕಿಂತ ಕಾಲಿಂಚು ಮೇಲೆ ನಿಲ್ಲಿಸಿದರು, ಕೂರಲಿಕ್ಕೆಂದು. ಆ ದಿನದ ಅಳತೆಗಳನ್ನು ಮೇಸ್ತ್ರಿ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು, ಎಡ ಒಂದು ಕಡೆ, ಬಲ ಒಂದು ಕಡೆ. ಎರಡಕ್ಕೂ 2 ಮಿಲಿಮೀಟರು ವ್ಯತ್ಯಾಸ.

ನಾನೂರು ಕಿಲೋಮೀಟರು ಓಡಿಸಿ ಬಂದಾಗ ಎರಡೂ ಒಟ್ಟಿಗೆ 6 ಮಿಲಿಮೀಟರು ಇಳಿದಿದ್ದವು, ವ್ಯತ್ಯಾಸ ಅದೇ 2. ಮೇಸ್ತ್ರಿ ಹೊಸ ಅಂಕಿಗಳನ್ನು ಹಳೆಯದರ ಕೆಳಗೆ ಬರೆದರು. ಒಂದು ವಿಷಯ ಮಾತ್ರ ಅವರಿಗೆ ಬಗೆಹರಿದಿರಲಿಲ್ಲ. "ಬಲಗಡೆ ತೊಲೆ ಹೊಸದಿದ್ದಂಗಿದೆ. ಎಡಗಡೆ ಮಾತ್ರ ಯಾಕೆ ಹಿಂಗೆ ಸಾರ್?" ನನ್ನ ಹತ್ತಿರ ಉತ್ತರವಿರಲಿಲ್ಲ.

ಮಳೆ ನಿಂತ ಮೇಲೆ ಅಮ್ಮನನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಸಕಲೇಶಪುರಕ್ಕೆ ಹೋದೆ. ಹಾಸನ ದಾಟಿದ ಮೇಲಿನ ತಿರುವುಗಳಲ್ಲಿ ಕಾರು ಎಲ್ಲೂ ಒಂದು ಕಡೆಗೆ ಎಳೆಯಲಿಲ್ಲ. ದೊಡ್ಡಪ್ಪನ ಮನೆಯಲ್ಲಿ ಈಗ ಅಣ್ಣ ಇದ್ದಾನೆ. ಕಾಫಿ ಕುಡಿದು, ಕಾರು ನಿಂತಿದ್ದ ಕೊಟ್ಟಿಗೆ ನೋಡಲು ಹೋದೆ. ಮೂರು ಕಡೆ ಗೋಡೆ, ಒಂದು ಪಕ್ಕ ತೆರೆದು ಹೆಂಚಿನ ಸೂರು ಇಳಿಬಿದ್ದಿದೆ. ಟೈರುಗಳು ಕೂತಿದ್ದ ನಾಲ್ಕು ತಗ್ಗು ಇನ್ನೂ ಮಣ್ಣಿನಲ್ಲಿದ್ದವು. ಎಡಗಡೆಯ ಎರಡು ತಗ್ಗುಗಳಿಂದ ಒಂದು ಗೇಣು ಹೊರಗೆ, ಸೂರಿನ ನೀರು ವರ್ಷವರ್ಷವೂ ಬಿದ್ದು ಕೊರೆದ ಚಿಕ್ಕಚಿಕ್ಕ ಕುಳಿಗಳ ಸಾಲು ನೇರವಾಗಿ ಹೋಗಿತ್ತು. ಕುಳಿಗಳಲ್ಲಿ ನೀರು ನಿಂತಿತ್ತು. ಮೇಲಿನಿಂದ ಒಂದು ಹನಿ ಬಿದ್ದು, ಕೆಂಪು ಕೆಸರು ನನ್ನ ಪಾದದ ಮೇಲೆ ಚಿಮ್ಮಿತು.

ಜೇಬಿನಲ್ಲಿ ಟೇಪಿತ್ತು. ಕುಳಿಗಳ ಸಾಲಿನಿಂದ ತೊಲೆಯ ತುದಿ ಇದ್ದಿರಬಹುದಾದ ಜಾಗಕ್ಕೆ ಅಳೆದು, ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡೆ, ಮೇಸ್ತ್ರಿಗೆ ತೋರಿಸಲಿಕ್ಕೆ.